ಯಂತ್ರವೂ ನಮ್ಮ ನುಡಿಯೂ

ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳಿವೆ. ಆ ಬಂಡೆಬರಹದ ಒಂದೊಂದು ಅಕ್ಷರಕ್ಕೂ ಉಳಿಯ ಏಟು ಬಿದ್ದಿದೆ. ಇಂದು ನನ್ನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಪ್ರಬಂಧ ಬರೆಯುತ್ತಾರೆ. ಒಂದು ಪದ ಮುಗಿಯುವ ಮೊದಲೇ ಯಂತ್ರವು ಮುಂದಿನ ಪದವನ್ನು ಎದುರಿಗೆ ಹಿಡಿಯುತ್ತದೆ. ಶ್ರಮ ಕಡಮೆಯಾದುದಕ್ಕೆ ನನಗೂ ಸಂತೋಷವೇ. ಆದರೆ ಯಂತ್ರವು ಮುಂದೊಡ್ಡುವುದು ಹೆಚ್ಚು ಜನ ಹೆಚ್ಚಾಗಿ ಬಳಸಿದ ಪದವನ್ನು. ಯಲಬುರ್ಗಾ, ಕುಷ್ಟಗಿಗಳ ರೈತನ ‘ಎರೆ’, ‘ಮಸಾರಿ’ಗಳು ಆ ಸಾಲಿನಲ್ಲಿ ಹಿಂದೆ ಬೀಳುತ್ತವೆ, ‘ಕಪ್ಪು ಮಣ್ಣು’, ‘ಕೆಂಪು ಮಣ್ಣು’ ಬಂದು ಕೂಡುತ್ತವೆ. ಅರ್ಥವೇನೋ ತಿಳಿಯುತ್ತದೆ, ಹೊಲವನ್ನು ಉತ್ತವನ ಅನುಭವ ಮಾತ್ರ ಜಾರಿಹೋಗುತ್ತದೆ.

ಯಂತ್ರವು ಬರವಣಿಗೆಯ ಊಳಿಗ ಮಾಡಲಿ. ಪದದ ಆಯ್ಕೆ ನಮ್ಮದಾಗಿರಲಿ. ‘ಮಸಾರಿ’ ಎನ್ನಬೇಕೆನಿಸಿದ ಹುಡುಗನು ಆ ಮೂರಕ್ಷರಗಳನ್ನು ತಾನೇ ಒತ್ತಿ ಬರೆಯಲಿ. ಸೃಷ್ಟಿಶೀಲತೆ ತೊಡಗುವುದು ಅಷ್ಟರಿಂದಲೇ.