ಕಡತ ಸುಟ್ಟರೆ ಸೇವೆಯೂ ಸುಟ್ಟಿತೇ?

ದೇಶಕ್ಕಾಗಿ ಹೋರಾಡಿದ ಸೈನಿಕನಿಗೆ ಪದಕ ಸಲ್ಲುವುದು ದಾನವಲ್ಲ, ಅದು ಅವನ ಹಕ್ಕು. ಆದರೆ ದಾಖಲೆ ಕಳೆದುಹೋದರೆ ಆ ಹಕ್ಕನ್ನು ಸಾಬೀತುಪಡಿಸುವ ಹೊರೆ ಮುಪ್ಪಿನವನ ಹೆಗಲಿಗೇ ಬೀಳುತ್ತದೆ. ಇದು ನ್ಯಾಯವೇ?

ದಾಖಲೆ ನಾಶವಾಗುವುದು ಹೊಸ ಸಂಗತಿಯಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬುಗಳಿಂದ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸೈನಿಕರ ಅರ್ಧಕ್ಕಿಂತ ಹೆಚ್ಚು ಕಡತಗಳು ಸುಟ್ಟುಹೋದವು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಬೆಂಕಿ ಬಿದ್ದು ಸುಮಾರು 1 ಕೋಟಿ 60 ಲಕ್ಷ ಕಡತಗಳು ಹಾಳಾದವು. ಅಲ್ಲಿನ ಅಧಿಕಾರಿಗಳು ಕೈಕಟ್ಟಿ ಕೂರಲಿಲ್ಲ. ಸಂಬಳದ ಚೀಟಿ, ಆಸ್ಪತ್ರೆಯ ದಾಖಲೆ ಮುಂತಾದವುಗಳಿಂದ ಸೇವಾವಿವರವನ್ನು ಮತ್ತೆ ಕೂಡಿಸಿದರು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಹೊಸೂರು 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು, ಬಳಿಕ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಮನೆ ಅಲ್ಲೇ ಇದ್ದರೂ ಕಾಗದದಲ್ಲಿ ಮೂರು ಜಿಲ್ಲೆ. ಕನ್ನಡದ ಹೆಸರೂ ತಮಿಳಿನಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆ.

ಸುಳ್ಳು ಹಕ್ಕುದಾರರನ್ನು ತಡೆಯಲು ಪರಿಶೀಲನೆ ಬೇಕು, ನಿಜ. ಆದರೆ ಹುಡುಕುವ ಕೆಲಸ ಕಚೇರಿಯದು. 1971ರ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕಗಳು ಬದುಕಿರುವಾಗಲೇ ಎದೆಯ ಮೇಲೆ ಇರಬೇಕಾದವು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶಗಳ ನಕಲು ತೆಗೆಸಿಡಿ. ಸೈನ್ಯದ ನಂಬರು, ದಳದ ಹೆಸರು ಕೇಳಿ ಬರೆದುಕೊಳ್ಳಿ. ಮದ್ರಾಸ್ ರೆಜಿಮೆಂಟಿನವರಾದರೆ ನೀಲಗಿರಿಯ ವೆಲಿಂಗ್ಟನ್ನಿಗೆ, ಮದ್ರಾಸ್ ಸ್ಯಾಪರ್ಸ್‌ನವರಾದರೆ ಬೆಂಗಳೂರಿಗೆ ಅರ್ಜಿ ಬರೆಯಲು ನೆರವಾಗಿ. ನೀವು ಕಲಿತ ಅಕ್ಷರ ತಾತನ ಕೆಲಸಕ್ಕೂ ಬರಲಿ.