ಆಟಿಕೆಯ ಜತೆಗೆ ಬೇಕಾದದ್ದು

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಏಳು ವರ್ಷದ ಮೊಮ್ಮಗ ಈ ಸಲದ ಕ್ರಿಸ್‌ಮಸ್‌ಗೆ ತನಗೇನು ಬೇಕೆಂಬ ಪಟ್ಟಿಯನ್ನು ಈಗಾಗಲೇ ಸಿದ್ಧಪಡಿಸಿದ್ದಾನೆ. ಮೊದಲ ಸ್ಥಾನ, ತಾನೇ ಜೋಡಿಸಿ ತಾನೇ ಪ್ರೋಗ್ರಾಂ ಬರೆದು ಓಡಿಸಬಹುದಾದ ರೋಬೊಗೆ. ಅವನ ಸಹಪಾಠಿಗಳಲ್ಲಿ ಹಲವರ ಬೇಡಿಕೆಯೂ ಅದೇ ಅಂತೆ. ಚೆಂಡು, ಬೊಂಬೆ ಕೇಳುವ ವಯಸ್ಸಿನಲ್ಲಿ ಯಂತ್ರವನ್ನು ಕೇಳುವ ಈ ಪೀಳಿಗೆಯನ್ನು ಕಂಡು ಹೆಮ್ಮೆಪಡಬೇಕೋ, ಆತಂಕಪಡಬೇಕೋ?

ಈ ಆಟಿಕೆಯ ಹಿಂದೆ ಗಂಭೀರ ಚಿಂತನೆಯೊಂದಿದೆ. ಎಂಐಟಿಯ ಗಣಿತಜ್ಞ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗೆಂದೇ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಯಂತ್ರ ಮಗುವನ್ನು ನಡೆಸಬಾರದು, ಮಗುವೇ ಯಂತ್ರವನ್ನು ನಡೆಸಬೇಕು ಎಂಬುದು ಪ್ಯಾಪರ್ಟ್ ನಿಲುವು. ತಪ್ಪೆಂಬುದು ಅವರ ದೃಷ್ಟಿಯಲ್ಲಿ ಅಂಕ ಕಳೆಯಲು ಕಾರಣವಲ್ಲ. ಹುಡುಕಿ ಸರಿಪಡಿಸಬೇಕಾದ ಒಗಟು. 1980ರಲ್ಲಿ ಪ್ರಕಟವಾದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಹೆಸರನ್ನೇ ಡೆನ್ಮಾರ್ಕ್‌ನ ಲೆಗೊ ಕಂಪನಿ 1998ರಲ್ಲಿ ತನ್ನ ರೋಬೊ ಕಿಟ್‌ಗೆ ಇಟ್ಟಿತು. ಸುಮಾರು 200 ಡಾಲರ್ ಬೆಲೆಯ ಆ ಪೆಟ್ಟಿಗೆ ಮಕ್ಕಳನ್ನಷ್ಟೇ ಅಲ್ಲ, ದೊಡ್ಡವರನ್ನೂ ಸೆಳೆಯಿತು. 2022ರ ಕೊನೆಗೆ ಕಂಪನಿ ಅದನ್ನು ನಿಲ್ಲಿಸಿದರೂ ಅದೇ ಬಗೆಯ ಹಲವು ಕಿಟ್‌ಗಳು ಇಂದು ಮಾರುಕಟ್ಟೆಯಲ್ಲಿವೆ.

ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ವೈಚಿತ್ರ್ಯ ಕಾಣುತ್ತದೆ. ಆಸೆ ಮಗುವಿನದು, ಹಣ ತಂದೆತಾಯಿಯದು. ಅವರು ಕೊಳ್ಳುತ್ತಿರುವುದು ಆಟಿಕೆಯನ್ನಲ್ಲ. ಮಗನ ನಾಳಿನ ಉದ್ಯೋಗಕ್ಕೆ ಒಂದು ವಿಮೆಯನ್ನು. ಕಂತು ಕಟ್ಟಿದೊಡನೆ ಹೊಣೆ ಮುಗಿಯಿತೆಂಬ ಸಮಾಧಾನ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ, ಹಿಂದಿನ ಕ್ರಿಸ್‌ಮಸ್‌ಗೆ ತಂದ ಇಂಥದ್ದೇ ಪೆಟ್ಟಿಗೆ ಅರೆಜೋಡಣೆಯಾಗಿ ಕಪಾಟಿನಲ್ಲಿ ಕುಳಿತಿತ್ತು. ಜತೆಗೆ ಕೂರಲು ಮಗ-ಸೊಸೆ ಇಬ್ಬರಿಗೂ ಬಿಡುವಿರಲಿಲ್ಲ. ನಾನೂ ಮೊಮ್ಮಗನೂ ಮೂರು ಮಧ್ಯಾಹ್ನ ಅದರ ಮುಂದೆ ಕುಳಿತೆವು. ಬಲಕ್ಕೆ ತಿರುಗಬೇಕಾದ ಗಾಡಿ ಎಡಕ್ಕೆ ತಿರುಗಿ ಸೋಫಾಕ್ಕೆ ಡಿಕ್ಕಿ ಹೊಡೆದಾಗ ಅವನು ಅಳಲಿಲ್ಲ. ‘ತಾತ, ಎರಡು ತಂತಿ ಅದಲುಬದಲಾಗಿವೆ’ ಎಂದ. ಪ್ಯಾಪರ್ಟ್ ಹೇಳಿದ ಕಲಿಕೆ ಇದೇ. ಆದರೆ ಅದು ಪೆಟ್ಟಿಗೆಯೊಂದರಿಂದಲೇ ಬಂದದ್ದಲ್ಲ.

ಸಿರಿವಂತ ದೇಶದ ಮನೆಯ ಈ ಪಾಠ ನಮ್ಮ ಸಾರ್ವಜನಿಕ ನೀತಿಗೂ ಅನ್ವಯಿಸುತ್ತದೆ. ದೇಶೀಯ ಉದ್ಯಮದ ರಕ್ಷಣೆಗೆಂದು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ವಿದೇಶಿ ಕಿಟ್ ಸಾಮಾನ್ಯ ಕುಟುಂಬದ ಕೈಗೆ ಇನ್ನಷ್ಟು ದೂರವಾಯಿತು. ಇನ್ನೊಂದೆಡೆ, 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶಾಲೆಯೊಂದಕ್ಕೆ ₹20 ಲಕ್ಷದವರೆಗೆ ಅನುದಾನ ನೀಡುತ್ತದೆ. 2025ರ ಬಜೆಟ್‌ನಲ್ಲಿ, ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್ ಸ್ಥಾಪಿಸುವ ಘೋಷಣೆಯಾಯಿತು. ಇದು ಸ್ವಾಗತಾರ್ಹ. ಆದರೆ ಈ ಯೋಜನೆ ಆರನೇ ತರಗತಿಯಿಂದ ಮೇಲಿನವರಿಗೆ. ಕುತೂಹಲ ಅಲ್ಲಿಯತನಕ ಕಾಯುವುದಿಲ್ಲ.

ಆಡಳಿತದ ಒಳಗಿದ್ದವನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮಲ್ಲಿ ಉಪಕರಣ ಖರೀದಿ ಸುಲಭ. ಮಾರ್ಚ್ 31ರೊಳಗೆ ಹಣ ಖರ್ಚಾಗುತ್ತದೆ. ಕಲಿಸುವವರ ಸಂಬಳ ವರ್ಷವರ್ಷವೂ ಮರಳಿ ಬರುವ ವೆಚ್ಚ. ಹಣಕಾಸು ಇಲಾಖೆಗೆ ಅದು ಹಿಡಿಸದು. ಸಾಮಾನು ಮುರಿದರೆ ಲೆಕ್ಕಪರಿಶೋಧನೆಯ ಆಕ್ಷೇಪ ಬರುತ್ತದೆಂದು ಮುಖ್ಯೋಪಾಧ್ಯಾಯರು ಬೀರುವಿಗೆ ಬೀಗ ಹಾಕುತ್ತಾರೆ. ಅಂಥ ಆಕ್ಷೇಪಗಳಿಗೆ ವಿವರಣೆ ಕೇಳಿ ನಾನೂ ಸಹಿ ಮಾಡಿದ್ದೇನೆ. ಬಿಚ್ಚಲು, ಮುರಿಯಲು ಅವಕಾಶವಿಲ್ಲದ ರೋಬೊದಿಂದ ಯಾವ ಮಗುವೂ ಏನನ್ನೂ ಕಲಿಯದು.

ಪರಿಹಾರ ದುಬಾರಿಯೇನಲ್ಲ. ‘ಓದುವ ಬೆಳಕು’ ಕಾರ್ಯಕ್ರಮದಡಿ 2020ರಿಂದ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗಿದೆ. ಪುಸ್ತಕದಂತೆಯೇ ಅಲ್ಲಿ ನಾಲ್ಕಾರು ಸ್ವದೇಶಿ ಕಿಟ್‌ಗಳೂ ಇರಲಿ. ಒಬ್ಬರ ಕಪಾಟಿನಲ್ಲಿ ಧೂಳು ಹಿಡಿಯುವ ಪೆಟ್ಟಿಗೆ ಅಲ್ಲಿ ಹತ್ತಾರು ಮಕ್ಕಳ ಕೈ ದಾಟುತ್ತದೆ. ಸಮೀಪದ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬರು ಗೌರವಧನ ಪಡೆದು ವಾರಕ್ಕೆರಡು ಸಂಜೆ ಮಕ್ಕಳೊಡನೆ ಕೂರಲಿ. ವರ್ಷಕ್ಕಿಷ್ಟು ಬಿಡಿಭಾಗ ಮುರಿಯುವುದು ಸಹಜವೆಂದು ನಿಯಮವೇ ಒಪ್ಪಿಕೊಳ್ಳಲಿ.

ಮೊಮ್ಮಗನಿಗೆ ಈ ವರ್ಷ ಹೊಸ ಪೆಟ್ಟಿಗೆ ಬೇಡವೆಂದು ಮಗನಿಗೆ ತಿಳಿಸಿದ್ದೇನೆ. ಹಳೆಯದನ್ನೇ ಹೊರತೆಗೆದು, ಪ್ರತಿ ಶನಿವಾರ ವಿಡಿಯೊ ಕರೆಯಲ್ಲಿ ಅವನೊಡನೆ ಒಂದು ಗಂಟೆ ಕೂರುವುದು ನನ್ನ ಉಡುಗೊರೆ. ಅವನಿಗೆ ಕೊಂಚ ನಿರಾಸೆಯಾಗಿದೆ, ನಿಜ. ಆದರೆ ಅವನಿಗೆ ಪೆಟ್ಟಿಗೆಯೂ ಇದೆ, ತಾತನೂ ಇದ್ದಾನೆ. ಎರಡೂ ಇಲ್ಲದ ಹಳ್ಳಿಯ ಮಗುವಿನ ಪಕ್ಕದಲ್ಲಿ ಕೂರುವವರಾರು ಎಂಬುದನ್ನು ಸರ್ಕಾರ ಮುಂದಿನ ಬಜೆಟ್‌ಗೆ ಮುನ್ನ ಯೋಚಿಸಬೇಕು.