36 ಗ್ರಾಂ ತೂಕದ ರೋಗಿ

ಬಜರಿಗರ್ ಅಂದರೆ ನಮ್ಮ ಕಡೆ ಅರ್ಧ ಜನಕ್ಕೆ ಗೊತ್ತಾಗಲ್ಲ. ಲವ್ ಬರ್ಡ್ಸ್ ಅನ್ನಿ, ತಕ್ಷಣ "ಓ ಅದಾ!" ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಾಲ ಮೋಟು. ನಮ್ಮ ಮನೆಗಳ ಬಾಲ್ಕನಿಯಲ್ಲಿ ಕಿಚಿಪಿಚಿ ಅನ್ನುವ ಉದ್ದ ಬಾಲದ ಹಳದಿ-ಹಸಿರು ಹಕ್ಕಿ ಆಸ್ಟ್ರೇಲಿಯಾದ ಬಜ್ಜಿ. ಹೆಸರಲ್ಲೇನಿದೆ ಅಂತ ಕೇಳಬೇಡಿ. ಪಶುವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿದಾಗ ಅವರು ಕೇಳುವ ಮೊದಲ ಪ್ರಶ್ನೆಯೇ "ಯಾವ ಹಕ್ಕಿ?" ಅಂತ. ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ಅರ್ಧ ಕೆಲಸ ಸಲೀಸು.

ನಮ್ಮನೆಯಲ್ಲಿ ಎರಡಿವೆ. ಹಸಿರಿನದು ಬಟಾಣಿ, ಹಳದಿಯದು ಕಡ್ಲೆ. ಹೆಸರಿಟ್ಟಿದ್ದು ಅಮ್ಮ. ರಿಟೈರ್ ಆಗಿ ಚಳ್ಳಕೆರೆಯಿಂದ ಬೆಂಗಳೂರಿಗೆ ಬಂದ ಮೇಲೆ ಅಮ್ಮನಿಗೆ ಹಗಲು ಹೊತ್ತು ಮಾತಾಡೋಕೆ ಸಿಗೋದು ಇವರಿಬ್ಬರೇ. ನಾನು ಬೆಳಗ್ಗೆ ಎಂಟೂವರೆಗೆ ಹೊರಟರೆ ರಾತ್ರಿ ಎಂಟು. ಮನೆಯಿಂದ ಕೆಲಸ ಮಾಡುವ ದಿನವೂ ಹೆಡ್‌ಫೋನ್ ಹಾಕಿಕೊಂಡು ಕೂತವಳ ಹತ್ತಿರ ಏನು ಮಾತು? ಅಮ್ಮ ಅಡುಗೆಗೆ ಏನು ಮಾಡಲಿ ಅಂತ ಕೇಳುವುದೂ ಕಡ್ಲೆಯನ್ನೇ.

ಹೋದ ತಿಂಗಳು ಒಂದು ಗುರುವಾರ ರಾತ್ರಿ ಅಮ್ಮ, "ನೋಡೇ, ಇವತ್ತು ಇದು ಒಂದೂ ಮಾತಾಡಿಲ್ಲ" ಅಂದರು. ಕಡ್ಲೆ ಪುಕ್ಕ ಉಬ್ಬಿಸಿಕೊಂಡು, ಎರಡೂ ಕಾಲೂರಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಆರೋಗ್ಯವಾಗಿರುವ ಬಜ್ಜಿ ಸಾಮಾನ್ಯವಾಗಿ ಒಂದು ಕಾಲು ಮಡಚಿ ನಿದ್ದೆ ಮಾಡುತ್ತೆ. ಉಸಿರಾಡುವಾಗ ಬಾಲವೂ ಮೇಲೆ ಕೆಳಗೆ ಆಡುತ್ತಿತ್ತು. ಕಾಳಿನ ಬಟ್ಟಲ ಹತ್ತಿರ ಮಾತ್ರ ಪದೇ ಪದೇ ಹೋಗಿ ಬರುತ್ತಿತ್ತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಕಾಡಿನಲ್ಲಿ ಗುಂಪಾಗಿ ಬದುಕುವ ಈ ಹಕ್ಕಿಗೆ ಕಾಯಿಲೆ ತೋರಿಸಿಕೊಂಡರೆ ಅಪಾಯ. ಗಿಡುಗ ಮೊದಲು ಎತ್ತಿಕೊಂಡು ಹೋಗೋದು ಸೋತು ಕೂತಿರೋದನ್ನೇ. ಹಾಗಾಗಿ ಕೈಲಾಗುವವರೆಗೂ ಚೆನ್ನಾಗಿರುವಂತೆ ನಟನೆ ಮಾಡುತ್ತೆ. ಪುಕ್ಕ ಉಬ್ಬಿಸಿ ಕೂತಿದೆ ಅಂದರೆ ನಟನೆಗೂ ಶಕ್ತಿ ಉಳಿದಿಲ್ಲ ಅಂತ ಅರ್ಥ. "ಎರಡು ದಿನ ನೋಡೋಣ" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ನನ್ನ ವೃತ್ತಿಯ ಚಾಳಿ ಒಂದು ಇದಕ್ಕೆ ಉಪಯೋಗಕ್ಕೆ ಬಂತು. ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಸಣ್ಣ ಡಬ್ಬಿ ಇಟ್ಟು, ಒಳಗೆ ನಾಲ್ಕು ಕಾಳು ಹಾಕಿ ಎರಡನ್ನೂ ತೂಗುತ್ತೇನೆ. ಅಮ್ಮ ಅದನ್ನ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾರೆ. ಕಡ್ಲೆ ಯಾವಾಗಲೂ 36 ಗ್ರಾಂ. ಆ ರಾತ್ರಿ 32. ನಾಲ್ಕು ಗ್ರಾಂ ಅಂದರೆ ಒಂದು ಚಿಟಿಕೆ ಅನ್ನಿಸಬಹುದು. ಆದರೆ 60 ಕೆ.ಜಿ. ತೂಕದ ಮನುಷ್ಯ ಕೆಲವೇ ದಿನದಲ್ಲಿ ಆರೂವರೆ ಕೆ.ಜಿ.ಗಿಂತ ಜಾಸ್ತಿ ಇಳಿದುಹೋದ ಹಾಗೆ ಅದು. ಪುಕ್ಕದ ಕೆಳಗೆ ಕಣ್ಣಿಗೆ ಏನೂ ಕಾಣಲ್ಲ, ತಕ್ಕಡಿಗೆ ಕಾಣುತ್ತೆ. ಹಕ್ಕಿ ಸಾಕಿರುವವರು ಬೇರೆ ಏನು ಕೊಳ್ಳದಿದ್ದರೂ ಗ್ರಾಂ ತೋರಿಸುವ ತಕ್ಕಡಿ ಒಂದು ಕೊಳ್ಳಿ.

ಫೋನ್‌ನಲ್ಲಿ ದೊಡ್ಡಮ್ಮ ಇದ್ದರು. ಸ್ಪೀಕರ್‌ನಲ್ಲೇ ಹೇಳಿದರು: "ಮುನ್ನೂರು ರೂಪಾಯಿ ಹಕ್ಕಿಗೆ ಸಾವಿರ ರೂಪಾಯಿ ಡಾಕ್ಟರಾ? ಇನ್ನೊಂದು ತಂದರಾಯ್ತು ಬಿಡೇ." ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ ಪಂಜರದ ಮೇಲೆ ತಮ್ಮ ಹಳೆ ಕಾಟನ್ ಸೀರೆಯ ತುಂಡು ಹೊದಿಸಿದರು.

ಮೊದಲು ಫೋನ್ ಮಾಡಿದ್ದು ಹಕ್ಕಿ ಕೊಂಡ ಅಂಗಡಿಗೆ. ನೀರಿಗೆ ಹಾಕುವ ಒಂದು ಆ್ಯಂಟಿಬಯೊಟಿಕ್ ಪುಡಿ ಇದೆ, ಎಲ್ಲದಕ್ಕೂ ಆಗುತ್ತೆ ಅಂದರು. ಬೇಡ ಅಂದೆ. ಬಜ್ಜಿ ಒಣ ಸೀಮೆಯ ಹಕ್ಕಿ, ದಿನಕ್ಕೆ ಕುಡಿಯೋದು ಹೆಚ್ಚೆಂದರೆ ಒಂದು ಟೀ ಚಮಚದಷ್ಟು ನೀರು. ಹುಷಾರಿಲ್ಲದಾಗ ಎಷ್ಟು ಕುಡಿಯುತ್ತೋ, ನೀರಿನ ರುಚಿ ಕೆಟ್ಟರೆ ಅದನ್ನೂ ಬಿಡುತ್ತೋ, ಹೇಳೋಕಾಗಲ್ಲ. ಮೇಲಾಗಿ ಕಾಯಿಲೆಯೇ ಗೊತ್ತಿಲ್ಲದೆ ಔಷಧಿ ಯಾವುದಕ್ಕೆ?

ನಮ್ಮ ಏರಿಯಾದ ಕ್ಲಿನಿಕ್‌ಗಳು ನಾಯಿ ಬೆಕ್ಕಿಗೆ ಮಾತ್ರ. ಊರಿನ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿಯೇ ಹೆಚ್ಚು. ಆದ್ದರಿಂದ ಕೇಳಬೇಕಾದ್ದು "ಹಕ್ಕಿ ನೋಡ್ತೀರಾ?" ಅಂತಲ್ಲ, "ವಾರಕ್ಕೆ ಎಷ್ಟು ಹಕ್ಕಿ ನೋಡ್ತೀರಿ?" ಅಂತ. ನಾಲ್ಕನೇ ಫೋನಿಗೆ ಸಿಕ್ಕಿದ ಡಾಕ್ಟರಮ್ಮ ದಿನವೂ ಹಕ್ಕಿ ನೋಡುವವರು. ಊರಿನ ಇನ್ನೊಂದು ತುದಿಯಲ್ಲಿ, ಆದರೂ ಸರಿ. ಅವರು ಹೇಳಿದ್ದು ಮೂರು ಮಾತು. ಬೆಳಗ್ಗೆ ಮೊದಲನೇ ಅಪಾಯಿಂಟ್‌ಮೆಂಟ್‌ಗೆ ಬನ್ನಿ, ನಾಯಿಗಳು ಬರೋದಕ್ಕೆ ಮುಂಚೆ. ಎರಡನ್ನೂ ತನ್ನಿ. ರಾತ್ರಿಯಿಡೀ ಬೆಚ್ಚಗಿಡಿ.

ಬೆಚ್ಚಗಿಡೋದು ಅಂದರೆ ಕಂಬಳಿ ಸುತ್ತೋದಲ್ಲ. ಹಕ್ಕಿಯ ಮೈಶಾಖ ಸುಮಾರು 41 ಡಿಗ್ರಿ. ಅದನ್ನ ಉಳಿಸಿಕೊಳ್ಳೋಕೆ ಕಾಯಿಲೆ ಹಕ್ಕಿ ಇರುವ ಶಕ್ತಿಯನ್ನೆಲ್ಲ ಸುಡುತ್ತೆ. ಹಳೇ ಕಾಲದ 60 ವ್ಯಾಟ್ ಬಲ್ಬ್ ಒಂದನ್ನ ಪಂಜರದ ಹೊರಗೆ ಒಂದು ಪಕ್ಕಕ್ಕೆ ಇಟ್ಟೆವು. ಒಂದೇ ಪಕ್ಕಕ್ಕೆ ಯಾಕೆ ಅಂದರೆ ಸೆಕೆ ಅನ್ನಿಸಿದರೆ ಆ ಕಡೆ ಸರಿದುಕೊಳ್ಳೋಕೆ ಜಾಗ ಬೇಕು. ಸುಮಾರು 28-30 ಡಿಗ್ರಿ ಇದ್ದರೆ ಸಾಕು. ಎಲ್‌ಇಡಿ ಬಲ್ಬಿಂದ ಈ ಕೆಲಸ ಆಗಲ್ಲ, ಅದು ಅಷ್ಟಾಗಿ ಬಿಸಿ ಆಗಲ್ಲವಲ್ಲ.

ಮ್ಯಾನೇಜರ್‌ಗೆ "ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ನಾಳೆ ರಜೆ" ಅಂತ ಮೆಸೇಜ್ ಹಾಕಿದೆ. ಶುಕ್ರವಾರ ರಿಲೀಸ್ ಇತ್ತು. ಪರವಾಗಿಲ್ಲ.

ಈಗ ಡಬ್ಬಿಯ ವಿಷಯ. ದೊಡ್ಡ ಪಂಜರವನ್ನೇ ಎತ್ತಿಕೊಂಡು ಹೋಗೋಣ ಅನ್ನಿಸುತ್ತೆ, ಆದರೆ ಕಾರು ಬ್ರೇಕ್ ಹಾಕಿದಾಗೆಲ್ಲ ಅದರೊಳಗಿನ ಉಯ್ಯಾಲೆ, ಗಂಟೆ, ಬಟ್ಟಲು ಎಲ್ಲವೂ ಹಕ್ಕಿಗೆ ಹೊಡೆಯುತ್ತವೆ. ಸಣ್ಣ ಕ್ಯಾರಿಯರ್ ಬೇಕು. ನಮ್ಮದು ತಿಂಗಳುಗಟ್ಟಲೆಯಿಂದ ಪಂಜರದ ಪಕ್ಕದಲ್ಲೇ ಬಾಗಿಲು ತೆಗೆದು ಇಟ್ಟಿದ್ದು. ಒಳಗೆ ಆಗಾಗ ಒಂದು ತೆನೆ ಇಡುತ್ತೇವೆ, ಅವೇ ಹೋಗಿ ತಿಂದು ಬರುತ್ತವೆ. ಪೆಟ್ ಶಾಪ್‌ನಲ್ಲಿ ಮಿಲೆಟ್ ಸ್ಪ್ರೇ ಅಂತ ಪ್ಯಾಕ್ ಮಾಡಿ ಮಾರುವ ಆ ತೆನೆ ನಮ್ಮ ನವಣೆಯೇ. ಮೊದಲ ಸಲ ತಂದಾಗ ಅಮ್ಮ ಬಿದ್ದು ಬಿದ್ದು ನಕ್ಕಿದ್ದರು: "ನಮ್ಮ ಹೊಲದಲ್ಲಿ ಗುಬ್ಬಿ ಓಡಿಸೋಕೆ ಅಟ್ಟಣೆ ಕಟ್ತಿದ್ವಿ, ನೀನು ದುಡ್ಡು ಕೊಟ್ಟು ತಂದು ಹಕ್ಕಿಗೆ ಹಾಕ್ತೀಯಾ!"

ಕ್ಯಾರಿಯರ್ ತಳಕ್ಕೆ ಟವೆಲ್, ಅದರ ಮೇಲೆ ಬಿಳಿ ಕಾಗದ. ನ್ಯೂಸ್‌ಪೇಪರ್ ಬೇಡ, ಹಿಕ್ಕೆಯ ಬಣ್ಣ ಗೊತ್ತಾಗಲ್ಲ. ಹಿಕ್ಕೆಯಲ್ಲಿ ಮೂರು ಭಾಗ ಇರುತ್ತೆ: ಹಸಿರು ಅಥವಾ ಕಂದು ಬಣ್ಣದ ಮಲ, ಬಿಳಿ ಭಾಗ, ಸುತ್ತ ಸ್ವಲ್ಪ ನೀರು. ಡಾಕ್ಟರ್‌ಗೆ ಅದು ಬ್ಲಡ್ ರಿಪೋರ್ಟ್ ಇದ್ದ ಹಾಗೆ. ಆ ರಾತ್ರಿ ಪಂಜರದ ತಳಕ್ಕೂ ಬಿಳಿ ಕಾಗದ ಹಾಸಿ ಬೆಳಗ್ಗೆ ಫೋಟೊ ತೆಗೆದೆ. ಉಸಿರಾಟದ ಹತ್ತು ಸೆಕೆಂಡಿನ ವೀಡಿಯೊನೂ ಮಾಡಿಕೊಂಡೆ, ಯಾಕೆಂದರೆ ಅಪರಿಚಿತರ ಮುಂದೆ ಹಕ್ಕಿ ಮತ್ತೆ ನಟನೆ ಶುರು ಮಾಡುತ್ತೆ. ನೀರಿನ ಬಟ್ಟಲು ಇಡಲಿಲ್ಲ, ಚೆಲ್ಲಿ ಮೈ ಒದ್ದೆಯಾದರೆ ಇನ್ನೂ ಕಷ್ಟ. ಬದಲಿಗೆ ಒಂದು ತುಂಡು ಸೌತೆಕಾಯಿ. ಕೂರುವ ಕೋಲನ್ನು ತೀರಾ ತಗ್ಗಿನಲ್ಲಿ ಸಿಕ್ಕಿಸಿದೆ, ಬಿದ್ದರೂ ಏಟಾಗದ ಹಾಗೆ.

ಹಿಡಿಯೋದೇ ಎಲ್ಲರಿಗೂ ಭಯದ ಭಾಗ. ಫ್ಯಾನ್ ಆಫ್. ಇದನ್ನ ಎರಡು ಸಲ ಓದಿಕೊಳ್ಳಿ. ಕಿಟಕಿ ಮುಚ್ಚಿ, ಪರದೆ ಎಳೆದು, ಲೈಟ್ ಆರಿಸಿ. ಕತ್ತಲಲ್ಲಿ ಬಜ್ಜಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಹಾರಲ್ಲ. ಬಟಾಣಿ ತೆನೆ ಆಸೆಗೆ ತಾನೇ ಒಳಗೆ ಹೋಯಿತು. ಕಡ್ಲೆಯನ್ನು ಅಮ್ಮ ತೆಳು ಕರವಸ್ತ್ರದಲ್ಲಿ ಎತ್ತಿಕೊಂಡರು. ಒಂದು ಸಲಕ್ಕೇ, ಅಟ್ಟಿಸಿಕೊಂಡು ಹೋಗದೆ. ಹಿಡಿಯುವಾಗ ಎದೆ ಒತ್ತಲೇಬಾರದು. ನಮ್ಮ ಹಾಗೆ ಹಕ್ಕಿಗೆ ವಪೆ ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತೆ. ಪ್ರೀತಿಯಿಂದ ಬಿಗಿಯಾಗಿ ಹಿಡಿದರೂ ಉಸಿರು ಕಟ್ಟುತ್ತೆ.

ಕ್ಯಾಬ್‌ನಲ್ಲಿ ಡ್ರೈವರ್ ಅಣ್ಣನಿಗೆ ಮೊದಲೇ ಹೇಳಿದೆ: ಹಾಡು ಬೇಡ, ಡ್ಯಾಶ್‌ಬೋರ್ಡ್ ಮೇಲಿನ ಸುವಾಸನೆ ಡಬ್ಬಿ ಡಿಕ್ಕಿಯಲ್ಲಿ ಹಾಕಿಬಿಡಿ, ಏಸಿ ಗಾಳಿ ಹಿಂದಕ್ಕೆ ಬರದ ಹಾಗೆ ತಿರುಗಿಸಿ. ಹಕ್ಕಿಯ ಶ್ವಾಸಕೋಶಕ್ಕೆ ಪರ್‌ಫ್ಯೂಮ್, ಅಗರಬತ್ತಿ ಹೊಗೆ, ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಯಾವುದೂ ಆಗಲ್ಲ. ಕೊನೆಯದಂತೂ ಕೆಲವೇ ನಿಮಿಷದಲ್ಲಿ ಕೊಲ್ಲುತ್ತೆ. ಅವರು "ಒಳಗೆ ಏನಿದೆ ಮೇಡಂ?" ಅಂದರು. "ಹಕ್ಕಿ, ಹುಷಾರಿಲ್ಲ." ಅಷ್ಟೇ, ದಾರಿಯುದ್ದಕ್ಕೂ ಹಾರ್ನ್ ಮುಟ್ಟಲಿಲ್ಲ ಪುಣ್ಯಾತ್ಮ. ಬೆಂಗಳೂರಲ್ಲಿ! ಕ್ಯಾರಿಯರ್‌ಗೆ ಮೂರು ಕಡೆ ಅಮ್ಮನ ಸೀರೆ ತುಂಡು ಮುಚ್ಚಿದ್ದೆವು, ಅಮ್ಮನ ಮುಖ ಕಾಣುವ ಕಡೆ ಮಾತ್ರ ತೆರೆದಿತ್ತು. ಜೊತೆಗಾರ ಪಕ್ಕದಲ್ಲೇ ಇದ್ದದ್ದಕ್ಕೆ ಒಂಟಿಯಾಗಿ ಕೂಗಿ ಕೂಗಿ ಸುಸ್ತಾಗುವುದೂ ತಪ್ಪಿತು. ಒಂಬತ್ತೂಕಾಲಿಗೆ ತಲುಪಿ, ಕರೆ ಬರುವವರೆಗೂ ಕಾರಲ್ಲೇ ಕೂತಿದ್ದೆವು.

ಒಳ್ಳೆ ಪಕ್ಷಿ ಡಾಕ್ಟರ್ ಹೇಗಿರುತ್ತಾರೆ ಅಂತ ಅವತ್ತು ನೋಡಿದೆ. ಹತ್ತು ನಿಮಿಷ ಹಕ್ಕಿಯನ್ನು ಮುಟ್ಟಲೇ ಇಲ್ಲ. ನನ್ನ ಕ್ಯಾಲೆಂಡರ್ ಫೋಟೊ, ಹಿಕ್ಕೆ ಫೋಟೊ, ವೀಡಿಯೊ ನೋಡಿದರು. ದೂರದಿಂದ ಉಸಿರು ಎಣಿಸಿದರು. ತಕ್ಕಡಿ, ಹನಿ ಔಷಧಿ, ಗಾಜಿನ ಸ್ಲೈಡ್ ಎಲ್ಲ ಮೇಜಿನ ಮೇಲೆ ಸಿದ್ಧವಾದ ಮೇಲೆ ಅಮ್ಮನ ಕಡೆ ತಿರುಗಿದರು. "ಅಮ್ಮಾ, ಇಷ್ಟು ನಿತ್ರಾಣ ಇರೋ ಹಕ್ಕಿ ಕೈಯಲ್ಲಿ ಹಿಡಿದಾಗಲೇ ಹೋಗಿಬಿಡೋ ಸಾಧ್ಯತೆ ಇದೆ. ನಾನು ಬೇಗ ಮುಗಿಸ್ತೀನಿ. ಆದರೂ ಹೇಳಿಬಿಡ್ಬೇಕು. ಹಿಡೀಲಾ?"

ಅಮ್ಮ ನನ್ನ ಕಡೆ ನೋಡಲಿಲ್ಲ. ಕ್ಯಾರಿಯರ್ ಕಡೆ ನೋಡಿ, "ಹಿಡೀರಿ" ಅಂದರು.

ಲೈಟ್ ಡಿಮ್ ಮಾಡಿ, ಸಣ್ಣ ಟವೆಲ್‌ನಲ್ಲಿ ಎತ್ತಿ, ತಲೆಯನ್ನು ಎರಡು ಬೆರಳ ನಡುವೆ ನಿಲ್ಲಿಸಿ, ಎದೆಮೂಳೆ ಮೇಲೆ ಒಂದು ಸಲ ಬೆರಳಾಡಿಸಿದರು. ಚಾಕುವಿನ ಅಂಚಿನ ಹಾಗೆ ಚೂಪಾಗಿದೆ, ಮಾಂಸ ಇಳಿದಿದೆ ಅಂದರು. ಬಾಯಿ, ಕಣ್ಣು, ಹೊಟ್ಟೆ ನೋಡಿ ವಾಪಸ್ ಒಳಗೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅಮ್ಮ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ರಕ್ತ ಪರೀಕ್ಷೆ ಬೇಡವಾ ಅಂತ ಕೇಳಿದೆ. "ಇವತ್ತು ಬೇಡ, ತಡ್ಕೊಳ್ಳಲ್ಲ. ಅಗತ್ಯ ಬಿದ್ದರೆ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ."

ಬಿಳಿ ಕಾಗದದ ಮೇಲಿನ ಹೊಸ ಹಿಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಅದರಲ್ಲಿ ಜೀರ್ಣವಾಗದ ಕಾಳಿನ ಚೂರುಗಳಿದ್ದವು. ಡಾಕ್ಟರಮ್ಮ ನನ್ನನ್ನೂ ಕರೆದು ತೋರಿಸಿದರು: ಉದ್ದುದ್ದ ಕಡ್ಡಿಗಳ ಹಾಗೆ ಕಾಣುವ ಒಂದು ಶಿಲೀಂಧ್ರ. ಬಜ್ಜಿಗಳಲ್ಲಿ ತುಂಬಾ ಸಾಮಾನ್ಯ, ಹೊಟ್ಟೆಯಲ್ಲಿ ಕೂರುತ್ತೆ. ಹಕ್ಕಿ ಇಡೀ ದಿನ ತಿನ್ನುತ್ತಿರುವಂತೆ ಕಂಡರೂ ಮೈಗೆ ಹತ್ತಲ್ಲ. ಅದಕ್ಕೇ ಬಟ್ಟಲ ಹತ್ತಿರ ಅಷ್ಟು ಓಡಾಟ. ಇದು ಬ್ಯಾಕ್ಟೀರಿಯಾ ಅಲ್ಲ, ಆ್ಯಂಟಿಬಯೊಟಿಕ್ ಪುಡಿಯಿಂದ ಏನೂ ಆಗುತ್ತಿರಲಿಲ್ಲ. ಬಟಾಣಿಯ ಹಿಕ್ಕೆಯಲ್ಲೂ ಸ್ವಲ್ಪ ಕಂಡಿತು; ಎರಡನ್ನೂ ತನ್ನಿ ಅಂದದ್ದು ಇದಕ್ಕೇ. ದಿನಕ್ಕೆ ಎರಡು ಸಲ, ಕೆಲವು ವಾರ, ಕೊಕ್ಕಿನ ಪಕ್ಕದಿಂದ ಶಿಲೀಂಧ್ರದ ಔಷಧಿಯ ಹನಿ. ನೇರ ಗಂಟಲಿಗೆ ಬಿಟ್ಟರೆ ಶ್ವಾಸನಾಳಕ್ಕೆ ಹೋಗಬಹುದು. ಒಂದೊಂದೇ ಹನಿ, ನುಂಗಿದ ಮೇಲೆ ಇನ್ನೊಂದು. ಅಮ್ಮ ಅಲ್ಲೇ ಕಲಿತರು. ಫೀಸು ಎಷ್ಟಾಯಿತು ಅಂತ ದೊಡ್ಡಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮನೆಗೆ ಬಂದ ಮೇಲೆ ಪಂಜರ ಅದೇ ಜಾಗ, ಅದೇ ಬಲ್ಬು, ಅದೇ ಕಾಳು. ಅವತ್ತು ಯಾರನ್ನೂ ನೋಡೋಕೆ ಬಿಡಲಿಲ್ಲ, ಪಕ್ಕದ ಮನೆ ಮಕ್ಕಳನ್ನೂ. ಮೂರು ದಿನ ಏನೂ ಬದಲಾಗಲಿಲ್ಲ, ಒಂದು ದಿನ 31ಕ್ಕೂ ಇಳಿಯಿತು. ಆ ರಾತ್ರಿ ಅಮ್ಮ ಹಾಲ್‌ನಲ್ಲೇ ಚಾಪೆ ಹಾಕಿಕೊಂಡು ಮಲಗಿದರು. ಐದನೇ ದಿನ ಬೆಳಗ್ಗೆ ಕುಕ್ಕರ್ ಕೂಗಿದಾಗ ಕಡ್ಲೆಯೂ ಕೂಗಿತು.

ಇವತ್ತು ಬೆಳಗ್ಗೆ 34. ಕ್ಯಾಲೆಂಡರ್‌ನಲ್ಲಿ ಈಗ ಹಾಲಿನ ಲೆಕ್ಕ ಒಂದು ಮೂಲೆಗೆ ಸರಿದಿದೆ, ದಿನಕ್ಕೆ ಎರಡು ತೂಕ, ಎರಡು ಔಷಧಿ ಟಿಕ್. ಮುಂದಿನ ಸೋಮವಾರ ಮತ್ತೆ ಹಿಕ್ಕೆ ಪರೀಕ್ಷೆ ಇದೆ. ಮೊದಲನೇ ಅಪಾಯಿಂಟ್‌ಮೆಂಟೇ ಸಿಕ್ಕಿದೆ, ಆ ಡ್ರೈವರ್ ಅಣ್ಣನ ನಂಬರನ್ನೂ ಅಮ್ಮ ಅವತ್ತೇ ಇಸ್ಕೊಂಡಿದ್ದರಂತೆ.